ಮೂರು ಊರಿನ ಬಾಣಂತಿ: ಅಂಗನವಾಡಿ ಊಟ ಮತ್ತು ಮಾತೃವಂದನಾ ಹಣಕ್ಕಾಗಿ ನಡೆದ ಒಂದು ಓಡಾಟ

ಇದು ಒಬ್ಬ ತಾಯಿ ಮತ್ತು ಆಕೆಯ ಚೊಚ್ಚಲ ಮಗುವಿನ ಪ್ರಕರಣ. 2025ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ನಡೆದದ್ದು. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಹೆಸರು, ಊರು, ಬಡಾವಣೆ ಯಾವುದನ್ನೂ ಹೇಳಿಲ್ಲ. ಕಟ್ಟಡ ಕಾರ್ಮಿಕರ ಕುಟುಂಬಗಳ ಜೊತೆ ಓಡಾಡುವ ನಮ್ಮಂಥವರಿಗೆ, ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಟೀಚರ್‌ಗಳಿಗೆ ಉಪಯೋಗಕ್ಕೆ ಬರಲಿ ಎಂಬ ಆಸೆ.

ಹಿನ್ನೆಲೆ

ಆಕೆಗೆ 21 ವರ್ಷ. ಗಂಡನ ಮನೆ ಕಲ್ಯಾಣ ಕರ್ನಾಟಕದ ಒಂದು ಹಳ್ಳಿ, ತವರು ಪಕ್ಕದ ತಾಲ್ಲೂಕು. ಗಂಡ ಬೆಂಗಳೂರಿನ ಹೊರವಲಯದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಬಸುರಿಯಾದಾಗ ಗಂಡನ ಊರಿನಲ್ಲೇ ಆಶಾ ಕಾರ್ಯಕರ್ತೆ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿದ್ದರು. ಬಸುರಿ, ಬಾಣಂತಿಯರಿಗೆ ಕಂತಿನಲ್ಲಿ ಹಣ ಕೊಡುವ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಅರ್ಜಿಯೂ ಅಲ್ಲಿಂದಲೇ ಹೋಗಿತ್ತು. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ತವರಿಗೆ ಬಂದಳು. ಅಲ್ಲಿನ ಅಂಗನವಾಡಿ ಟೀಚರ್ ಆಕೆಯನ್ನು ಚಿಕ್ಕವಳಿದ್ದಾಗಿನಿಂದ ಬಲ್ಲವರು. ಹೆಸರು ಯಾವ ಕೇಂದ್ರದಲ್ಲಿದೆ, ಅಂಗನವಾಡಿ ಲೆಕ್ಕದ ಆಪ್‌ನಲ್ಲಿ ಏರಿದೆಯೇ ಎಂದು ಯಾರೂ ಕೇಳಲಿಲ್ಲ. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಉಣಿಸುವ ಮಾತೃಪೂರ್ಣ ಯೋಜನೆಯ ಊಟ ದಿನವೂ ಸಿಕ್ಕಿತು: ಅನ್ನ, ಸಾರು, ಪಲ್ಯ, ಬೇಯಿಸಿದ ಮೊಟ್ಟೆ, ಹಾಲು, ಚಿಕ್ಕಿ. ಪರಿಚಯ ಇದ್ದ ಊರಿನಲ್ಲಿ ಕಾಗದದ ಮಾತೇ ಬರಲಿಲ್ಲ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದೇ ಮುಖ್ಯವಾಗುತ್ತದೆ.

ಜನವರಿ ಕೊನೆಯ ವಾರ ಹೆಣ್ಣುಮಗು ಹುಟ್ಟಿತು. ತೂಕ 2.4 ಕೆ.ಜಿ. ಐದು ತಿಂಗಳ ಬಾಣಂತನ ಮಾಡಿಸುವ ಶಕ್ತಿ ತವರಿಗೆ ಇರಲಿಲ್ಲ. ಏಪ್ರಿಲ್ ಮೊದಲ ವಾರ, ಮಗುವಿಗೆ ಎರಡೂವರೆ ತಿಂಗಳಾಗುವ ಮೊದಲೇ, ಗಂಡನ ಜೊತೆ ಬೆಂಗಳೂರಿನ ತಗಡಿನ ಶೆಡ್ಡಿಗೆ ಬಂದಳು. ತಾಯಿ ಕಾರ್ಡ್ ತವರಿನ ಟ್ರಂಕಿನಲ್ಲೇ ಉಳಿಯಿತು.

ಹೀಗೆ ಆಕೆಯ ಹೆಸರು ಒಂದು ಊರಲ್ಲಿ, ಕಾರ್ಡು ಇನ್ನೊಂದು ಊರಲ್ಲಿ, ಹಸಿವು ಮೂರನೇ ಊರಲ್ಲಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಇರುವ ನಮ್ಮ ನಾಡಿನಲ್ಲಿ ಇದು ಅಪರೂಪದ ಪರಿಸ್ಥಿತಿಯಲ್ಲ. ದುಡಿಯಲು ಊರು ಬಿಡುವ ಕುಟುಂಬಗಳಲ್ಲಿ ಅನೇಕ ಬಾಣಂತಿಯರದ್ದು ಇದೇ ಕಥೆ.

ಸಮಸ್ಯೆ

ನಾನು ಆಕೆಯನ್ನು ಭೇಟಿಯಾದದ್ದು ಮೇ ಎರಡನೇ ವಾರದಲ್ಲಿ. ಆ ಹೊತ್ತಿಗೆ ಆಕೆ ತಾನೇ ಹುಡುಕಿಕೊಂಡು ಹತ್ತಿರದ ಅಂಗನವಾಡಿಗೆ ಎರಡು ಸಲ ಹೋಗಿ ಬಂದಿದ್ದಳು. ಶೆಡ್ಡಿನಿಂದ ಒಂದು ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ಲಾರಿಗಳು ಓಡುವ ದೊಡ್ಡ ರಸ್ತೆ.

"ನಿಮ್ಮ ಹೆಸ್ರು ನಿಮ್ಮೂರಾಗ ಐತಿ, ಇಲ್ಲಿ ಆಪ್ ತಗೊಳ್ಳಂಗಿಲ್ಲ ಅಂದ್ರು. ಆಧಾರ ತಗೊಂಬಾ ಅಂದ್ರು. ಆಧಾರ ಒಯ್ದ್ರ ಫೋನ್ ನಂಬರ್ ಬ್ಯಾರೆ ಐತಿ ಅಂದ್ರು. ಮತ್ತ ನಾ ಹೋಗ್ಲೇ ಇಲ್ಲ."

ಟೀಚರ್ ಸುಳ್ಳು ಹೇಳಿರಲಿಲ್ಲ. 2021ರಿಂದ ಅಂಗನವಾಡಿಗಳ ಲೆಕ್ಕವೆಲ್ಲ ಪೋಷಣ್ ಟ್ರ್ಯಾಕರ್ ಆಪ್‌ನಲ್ಲಿದೆ. ಒಂದು ಆಧಾರ್ ಒಂದು ಕೇಂದ್ರದಲ್ಲಿದ್ದರೆ ಇನ್ನೊಂದು ಕೇಂದ್ರದಲ್ಲಿ ಹೊಸದಾಗಿ ಬರೆಯಲು ಬಿಡುವುದಿಲ್ಲ. ಆ ಆಪ್‌ನಲ್ಲೇ ವಲಸೆ ಬಂದವರನ್ನು ವರ್ಗಾಯಿಸುವ ದಾರಿಯೂ ಇದೆ. ಆದರೆ ಅದನ್ನು ಮಾಡಿ ಅಭ್ಯಾಸವಿದ್ದವರು ಆ ಕೇಂದ್ರದಲ್ಲಿ ಇರಲಿಲ್ಲ. ಅದರ ಮೇಲೆ ಇನ್ನೊಂದು ತೊಡಕು. ಈ ಶೆಡ್ಡುಗಳಿದ್ದ ಜಾಗ ಎರಡು ಅಂಗನವಾಡಿಗಳ ಗಡಿಯಲ್ಲಿತ್ತು, ಮನೆ ಸಮೀಕ್ಷೆಯಲ್ಲಿ ಇಬ್ಬರೂ ಅದನ್ನು ಮತ್ತೊಬ್ಬರದ್ದು ಎಂದುಕೊಂಡಿದ್ದರು.

ಮೊದಲ ನಿರ್ಧಾರ, ಮೊದಲ ತಪ್ಪು

ಆಕೆಗೆ ಸಿಗಬೇಕಾದದ್ದು ಮೂರು. ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಗೆ ಅಂಗನವಾಡಿಯ ಊಟ, ತಿಂಗಳಿಗೆ 25 ದಿನ. ಆರು ತಿಂಗಳ ನಂತರ ಮಗುವಿಗೆ ಪುಷ್ಟಿ ಪೊಟ್ಟಣ, ಅಂದರೆ ಮನೆಗೆ ಒಯ್ದು ಗಂಜಿ ಮಾಡುವ ಪೌಷ್ಟಿಕ ಪುಡಿ. ಇವೆರಡರ ಜೊತೆಗೆ ಮಾತೃವಂದನಾ ಹಣ: ಮೊದಲ ಮಗುವಿಗೆ ಒಟ್ಟು ₹5,000. ಬಸುರಿ ಎಂದು ನೋಂದಾಯಿಸಿ ತಪಾಸಣೆ ಮಾಡಿಸಿದ ಮೇಲೆ ₹3,000, ಮಗುವಿನ ಜನನ ನೋಂದಣಿಯಾಗಿ 14 ವಾರದವರೆಗಿನ ಲಸಿಕೆ ಮುಗಿದ ಮೇಲೆ ₹2,000.

ನಾನು ಹಣದ ಹಿಂದೆ ಹೋದೆ. ಅದು ದೊಡ್ಡದು, ಆಕೆಯೂ ಅದನ್ನೇ ಕೇಳಿದಳು, ಮೊದಲ ಕಂತು ಬಂದೇ ಇರಲಿಲ್ಲ. ಹಣಕ್ಕೆ ಬೇಕಾದ ದಾಖಲೆಗಳನ್ನು ಸರಿ ಮಾಡಿದರೆ ಊಟವೂ ಅದರ ಜೊತೆಗೇ ಸರಿಹೋಗುತ್ತದೆ, ಎಲ್ಲಕ್ಕೂ ಒಂದೇ ಫೈಲು ಎಂದು ಲೆಕ್ಕ ಹಾಕಿದೆ. ಈ ಲೆಕ್ಕಕ್ಕೆ ಏಳು ವಾರ ಹೋಯಿತು.

ಆ ಏಳು ವಾರ ಏನಾಯಿತು ಎಂದು ಹೇಳಲೇಬೇಕು, ಏಕೆಂದರೆ ಇದೇ ಸುಳಿಯಲ್ಲಿ ಸಿಕ್ಕವರು ಬಹಳ ಜನ. ಗಂಡನ ಊರಿಗೆ ಫೋನ್ ಮಾಡಿದರೆ "ದುಡ್ಡು ಬಿದ್ದಿದೆ, ಪೋರ್ಟಲ್‌ನಲ್ಲಿ ತೋರಿಸ್ತಿದೆ" ಎಂದರು. ಆಕೆಯ ಪಾಸ್‌ಬುಕ್ಕಿನಲ್ಲಿ ಬಿದ್ದಿರಲಿಲ್ಲ. ಬ್ಯಾಂಕಿನವರು ಇಲ್ಲಿಗೆ ಬಂದೇ ಇಲ್ಲ ಎಂದರು. ಇಬ್ಬರ ಮಾತೂ ನಿಜವಾಗಿತ್ತು. ಈ ಹಣ ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಯಾವ ಖಾತೆ ಎಂದು ಆಧಾರ್ ಜಾಲತಾಣದಲ್ಲಿ ನೋಡಬಹುದು, ಆದರೆ ಅದಕ್ಕೆ ಒಟಿಪಿ ಬೇಕು. ಒಟಿಪಿ ಹೋಗುತ್ತಿದ್ದದ್ದು ಎಂದೋ ಕಳೆದುಹೋದ ಸಿಮ್ಮಿಗೆ. ನಂಬರ್ ಬದಲಿಸಲು ಆಗ ಆಧಾರ್ ಕೇಂದ್ರಕ್ಕೆ ಹೋಗಬೇಕಿತ್ತು, ಬೆರಳಚ್ಚು ಕೊಡಬೇಕಿತ್ತು. ಶುಲ್ಕ ಆಗ ₹50. ಮೊದಲ ದಿನ ಟೋಕನ್ ಮುಗಿದಿತ್ತು. ಎರಡನೇ ಸಲ ಆಯಿತು. ಎರಡೂ ದಿನ ಗಂಡನ ಕೂಲಿ ಹೋಯಿತು.

ಹೊಸ ನಂಬರಿಗೆ ಒಟಿಪಿ ಬಂದಾಗ ಗೊತ್ತಾಯಿತು: ಎರಡು ವರ್ಷದ ಹಿಂದೆ ಸಿಮ್ ಕೊಳ್ಳುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿದ್ದ. ಆಕೆಗೆ ಅದು ಗೊತ್ತೇ ಇಲ್ಲ. ₹3,000 ಅಲ್ಲೇ ಕೂತಿತ್ತು. ಮುಖ್ಯರಸ್ತೆಯ ಒಂದು ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ತೆಗೆದಳು. ನೋಟು ಕೈಗೆ ಬಂದಾಗ ಎಣಿಸಲಿಲ್ಲ, ಮಗುವಿನ ಬಟ್ಟೆಯ ಚೀಲದೊಳಗೆ ಇಟ್ಟುಕೊಂಡಳು.

ಆ ದಿನ ನಾನು ಗೆದ್ದೆವು ಎಂದುಕೊಂಡೆ.

ತಿರುವು

ಜೂನ್ ಕೊನೆಯ ವಾರ ಮಗುವಿಗೆ ಬಾಕಿ ಉಳಿದಿದ್ದ ಲಸಿಕೆ ಹಾಕಿಸಲು ಸರ್ಕಾರದ 'ನಮ್ಮ ಕ್ಲಿನಿಕ್'ಗೆ ಹೋದೆವು. ಊರು ಬದಲಾದ ಗಡಿಬಿಡಿಯಲ್ಲಿ ಆರನೇ ವಾರದ ನಂತರದ ಲಸಿಕೆಗಳು ತಡವಾಗಿದ್ದವು, ಎರಡನೇ ಕಂತಿಗೆ ಅವು ಬೇಕಿತ್ತು. ನಾನು ಆಗಲೂ ಹಣದ ಲೆಕ್ಕದಲ್ಲೇ ಹೋಗಿದ್ದೆ. ನರ್ಸ್ ಮಗುವನ್ನು ತಕ್ಕಡಿಯಲ್ಲಿ ಮಲಗಿಸಿದರು. 5.1 ಕೆ.ಜಿ. ಐದು ತಿಂಗಳ ಹೆಣ್ಣುಮಗುವಿಗೆ ಬೆಳವಣಿಗೆ ಪಟದಲ್ಲಿ ಅದು ಸಾಮಾನ್ಯ ಗೆರೆಗಿಂತ ಸಾಕಷ್ಟು ಕೆಳಗೆ.

ಅವರು ಮಗುವಿನ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ತಾಯಿಯ ಕಡೆ ತಿರುಗಿ "ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ನೀನು ಏನೇನು ತಿಂದೆ, ಹೇಳವ್ವ" ಎಂದರು.

ಬೆಳಗ್ಗೆ ಚಹಾ. ಮಧ್ಯಾಹ್ನ ಅನ್ನ, ಖಾರದ ಪುಡಿ, ನೀರು. ಸಂಜೆ ಚಹಾ. ರಾತ್ರಿ ಗಂಡ ಬಂದ ಮೇಲೆ ಎರಡು ರೊಟ್ಟಿ, ಬದನೆಕಾಯಿ ನಂಜು ಎಂದು ಪಲ್ಯ ಬಿಟ್ಟಿದ್ದಳು. ಹಾಲು ಸಾಲುವುದಿಲ್ಲವೆಂದು ಮಗುವಿಗೆ ಒಂದು ತಿಂಗಳಿಂದ ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸುತ್ತಿದ್ದಳು. ಇದನ್ನು ಆಕೆ ನನಗೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಏಳು ವಾರ ಆಕೆಯ ಜೊತೆ ಓಡಾಡಿದ್ದೆ, ಪಾಸ್‌ಬುಕ್ಕಿನ ಪ್ರತಿ ಪುಟ ನೋಡಿದ್ದೆ, ಒಲೆಯ ಮೇಲಿನ ಪಾತ್ರೆ ನೋಡಿರಲಿಲ್ಲ.

ಆರು ತಿಂಗಳವರೆಗೆ ಮಗುವಿನ ಊಟ ಅಂದರೆ ತಾಯಿಯ ಊಟ. ಆ ಊಟ ಒಂದು ಕಿಲೋಮೀಟರ್ ದೂರದಲ್ಲಿ ದಿನವೂ ಬೇಯುತ್ತಿತ್ತು. ಆಕೆಯ ಪಾಲಿಗೆ ಇನ್ನು ಉಳಿದಿದ್ದದ್ದು ನಾಲ್ಕು ವಾರವೂ ಇಲ್ಲ.

ಆ ಸಂಜೆ ಹಣದ ಫೈಲನ್ನು ಪಕ್ಕಕ್ಕಿಟ್ಟು ಊಟದ ಪ್ರಶ್ನೆಯನ್ನು ಬೇರೆಯಾಗಿ ನೋಡಿದೆ. ಆಗ ಕಂಡದ್ದು ಸರಳವಾದ ಸಂಗತಿ. ಮಾತೃವಂದನಾ ಹಣಕ್ಕೆ ಷರತ್ತುಗಳಿವೆ: ಮೊದಲ ಮಗು (ಎರಡನೆಯದಾದರೆ ಹೆಣ್ಣುಮಗು), ತಪಾಸಣೆ, ಲಸಿಕೆ, ಆದಾಯದ ಮಿತಿ ಅಥವಾ ಬಿಪಿಎಲ್ ಕಾರ್ಡಿನಂಥ ಯಾವುದಾದರೂ ದಾಖಲೆ. ಅಂಗನವಾಡಿ ಊಟಕ್ಕೆ ಅಂಥ ಷರತ್ತು ಇಲ್ಲ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ 2013ರ 4ನೇ ಸೆಕ್ಷನ್ ಪ್ರತಿ ಗರ್ಭಿಣಿಗೆ, ಹೆರಿಗೆಯಾದ ಆರು ತಿಂಗಳವರೆಗೆ ಪ್ರತಿ ಬಾಣಂತಿಗೆ, ಸ್ಥಳೀಯ ಅಂಗನವಾಡಿಯಿಂದ ಉಚಿತ ಊಟದ ಹಕ್ಕು ಕೊಟ್ಟಿದೆ. ಅದಕ್ಕೂ ಮೊದಲೇ, 2004ರಲ್ಲಿ, ಅಂಗನವಾಡಿ ಸೇವೆಗೆ ಬಡತನ ರೇಖೆಯನ್ನು ಅರ್ಹತೆಯಾಗಿ ಬಳಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಷರತ್ತಿರುವ ಹಣವನ್ನೂ ಷರತ್ತಿಲ್ಲದ ಊಟವನ್ನೂ ಒಂದೇ ದಾರಕ್ಕೆ ಕಟ್ಟಿದವಳು ನಾನು.

ನಾಲ್ಕು ಸಾಲಿನ ಪತ್ರ

ಇನ್ನೊಂದು ಸಂಗತಿಯೂ ಆಗ ಹೊಳೆಯಿತು. ಅಷ್ಟು ದಿನದಲ್ಲಿ ನಾವು ಯಾರಿಗೂ ಒಂದು ಸಾಲು ಬರೆದು ಕೊಟ್ಟಿರಲಿಲ್ಲ. ಎಲ್ಲವೂ ಬಾಗಿಲಲ್ಲಿ ನಿಂತು ಆಡಿದ ಮಾತು. ಹಾಗಾಗಿ ಯಾರೂ ಆಕೆಗೆ ಊಟ ನಿರಾಕರಿಸಿದ್ದೂ ದಾಖಲೆಯಲ್ಲಿ ಇರಲಿಲ್ಲ.

ಮರುದಿನ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಒಂದು ಪತ್ರ ಬರೆದೆವು. ತಾಯಿ ಹೇಳಿದ್ದನ್ನು ನಾನು ಬರೆದೆ, ಆಕೆ ಸಹಿ ಮಾಡಿದಳು. ಅದರಲ್ಲಿ ಇದ್ದದ್ದು ಇಷ್ಟೇ: ನನಗೆ ಐದು ತಿಂಗಳ ಮಗುವಿದೆ. ಏಪ್ರಿಲ್‌ನಿಂದ ಈ ಜಾಗದಲ್ಲಿ ವಾಸವಾಗಿದ್ದೇನೆ. ಆಹಾರ ಭದ್ರತಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಹತ್ತಿರದ ಅಂಗನವಾಡಿಯಲ್ಲಿ ನನಗೆ ಊಟ ಕೊಡಿಸಿ, ನನ್ನ ಹೆಸರನ್ನು ಊರಿನ ಕೇಂದ್ರದಿಂದ ಇಲ್ಲಿಗೆ ವರ್ಗಾಯಿಸಿ. ಕೊಡಲು ಆಗದಿದ್ದರೆ ಕಾರಣ ಬರೆದು ತಿಳಿಸಿ.

ದೂರಿನ ಧಾಟಿ ಬೇಡ ಎಂದು ಬೇಕೆಂದೇ ನಿರ್ಧರಿಸಿದೆವು. ಟೀಚರ್ ಹೆಸರನ್ನಾಗಲೀ ಆಕೆ ವಾಪಸ್ ಕಳಿಸಿದ್ದನ್ನಾಗಲೀ ಬರೆಯಲಿಲ್ಲ. ಗೌರವಧನಕ್ಕೆ ದುಡಿಯುತ್ತ, ಆಪ್ ತುಂಬುತ್ತ, ಅಡುಗೆ ನೋಡಿಕೊಳ್ಳುತ್ತ, ಚುನಾವಣೆ ಕೆಲಸಕ್ಕೂ ಹೋಗುವ ಹೆಣ್ಣುಮಗಳನ್ನು ಗುರಿ ಮಾಡಿದರೆ ನಾಳೆ ಅದೇ ತಟ್ಟೆಯ ಮುಂದೆ ಈ ತಾಯಿ ಕೂತು ಉಣ್ಣಬೇಕಲ್ಲ. ಎರಡು ಪ್ರತಿ ಒಯ್ದು ಒಂದಕ್ಕೆ ಸ್ವೀಕೃತಿಯ ಮೊಹರು, ತಾರೀಖು ಹಾಕಿಸಿಕೊಂಡೆವು.

ಮೂರನೇ ದಿನ ಮೇಲ್ವಿಚಾರಕಿ ಟೀಚರ್ ಜೊತೆ ಶೆಡ್ಡಿಗೆ ಬಂದರು. "ಆಪ್‌ನಲ್ಲಿ ಆಗೋದು ಆಗ್ಲಿ. ಊಟಕ್ಕೆ ನಾಳೆಯಿಂದ ಬರ್ಲಿ, ಪುಸ್ತಕದಲ್ಲಿ ಬರ್ಕೊಳ್ಳಿ" ಎಂದರು. ಆ ಒಂದು ವಾಕ್ಯದಲ್ಲಿ ಬಾಗಿಲು ತೆರೆಯಿತು. ಅವರು ಅಲ್ಲಿಗೇ ನಿಲ್ಲಲಿಲ್ಲ, ಇಡೀ ಸಾಲು ಶೆಡ್ಡುಗಳನ್ನು ನೋಡಿದರು. ಆರು ವರ್ಷದೊಳಗಿನ ಇನ್ನೂ ನಾಲ್ಕು ಮಕ್ಕಳು, ಇಬ್ಬರು ಬಸುರಿಯರು ಸಿಕ್ಕರು. ಯಾರ ಹೆಸರೂ ಎಲ್ಲೂ ಇರಲಿಲ್ಲ.

ಊಟ ಸಿಕ್ಕ ಮೇಲೆ

ಮೊದಲ ದಿನ ನಾನೂ ಜೊತೆಗೆ ಹೋದೆ. ಆಕೆ ಅನ್ನ ಸಾರು ಉಂಡಳು, ಹಾಲು ಕುಡಿದಳು. ಮೊಟ್ಟೆಯನ್ನು ಸುಲಿಯದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಂಡನಿಗೆ. ಸಹಾಯಕಿ ನೋಡಿದರು, ಗದರಲಿಲ್ಲ. ಪಕ್ಕದಲ್ಲಿ ಕೂತು ಗಂಟು ಬಿಚ್ಚಿ, ಮೊಟ್ಟೆ ಸುಲಿದು, ಉಪ್ಪು ಹಚ್ಚಿ ಕೈಗೆ ಕೊಟ್ಟರು. "ಇದು ನಿನ್ನ ಕೂಸಿಂದು, ಇಲ್ಲೇ ತಿನ್ನು" ಎಂದರು. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ರಾಜ್ಯವಿಡೀ ಶುರುವಾದಾಗ ರೇಷನ್ ಮನೆಗೆ ಕೊಡುವ ಬದಲು ಕೇಂದ್ರದಲ್ಲೇ ಕೂರಿಸಿ ಉಣಿಸಬೇಕು ಎಂದು ಏಕೆ ಹಠ ಹಿಡಿದರು ಎಂಬುದು ಆ ಸೆರಗಿನ ಗಂಟು ನೋಡಿದವರಿಗೆ ಅರ್ಥವಾಗುತ್ತದೆ. ಹಸಿ ಬಾಣಂತಿ ಹೊರಗೆ ಬರುವುದಿಲ್ಲ, ದೂರ ನಡೆಯಲಾಗುವುದಿಲ್ಲ ಎಂಬ ಆಕ್ಷೇಪವೂ ಅಷ್ಟೇ ನಿಜ. ಈ ಪ್ರಕರಣದಲ್ಲೂ ರಸ್ತೆ ದಾಟುವ ಭಯಕ್ಕೆ ನಾಲ್ಕು ದಿನ ತಪ್ಪಿತು. ಆಮೇಲೆ ಇಬ್ಬರು ಬಸುರಿಯರೂ ಸೇರಿ ಮೂವರೂ ಒಟ್ಟಿಗೆ ಹೋಗತೊಡಗಿದರು.

ಜುಲೈ ಕೊನೆಯ ವಾರ ಮಗುವಿಗೆ ಆರು ತಿಂಗಳು ತುಂಬಿತು. ತಾಯಿಯ ಪಾಲು ಮುಗಿಯಿತು. ಬೆಂಗಳೂರಿಗೆ ಬಂದ ಮೇಲೆ ಆಕೆ ಉಂಡದ್ದು 17 ಊಟ. ಏಪ್ರಿಲ್‌ನಿಂದಲೇ ಸಿಕ್ಕಿದ್ದರೆ 90ಕ್ಕೂ ಹೆಚ್ಚು ಆಗುತ್ತಿತ್ತು. ಹಣ ತಡವಾದರೂ ಬರುತ್ತದೆ. ಹೋದ ತಿಂಗಳ ಊಟ ಈ ತಿಂಗಳು ಬರುವುದಿಲ್ಲ. ಕೊಡಬೇಕಾದ ಊಟ ಕೊಡದಿದ್ದರೆ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು ಅದೇ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ನಾವು ಅದನ್ನು ಕೇಳಲಿಲ್ಲ. ಟೀಚರ್ ಜೊತೆ ಆಗಷ್ಟೇ ಕೂಡಿದ ಸಂಬಂಧ ಕೆಡುತ್ತದೆಂದು ತಾಯಿಯೇ ಬೇಡ ಎಂದಳು. ಆಕೆಯ ಮಾತು ಮೀರುವುದು ಸರಿಯೆನಿಸಲಿಲ್ಲ.

ಆಗಸ್ಟ್‌ನಲ್ಲಿ ಪುಷ್ಟಿ. ಇಲ್ಲಿ ಹೊಸ ಅಡ್ಡಿ ಎದುರಾಯಿತು. 2025ರ ಜುಲೈ 1ರಿಂದ ಮನೆಗೆ ಒಯ್ಯುವ ಆಹಾರಕ್ಕೆ ಮುಖ ಗುರುತಿಸುವ ವ್ಯವಸ್ಥೆ ಕಡ್ಡಾಯ. ಮೊದಲು ತಾಯಿಯ ಆಧಾರ್ ಇ-ಕೆವೈಸಿ (ಗುರುತಿನ ಪರಿಶೀಲನೆ), ಅದಕ್ಕೆ ಒಟಿಪಿ, ಆಮೇಲೆ ತಾಯಿಯ ಮುಖ ಹೊಂದಬೇಕು. ಮಗುವಿನದೇ ಆಧಾರ್ ಬೇಕೆಂದಿಲ್ಲ, ತಾಯಿಯದು ಸಾಕು. ಒಟಿಪಿ ತಕ್ಷಣ ಬಂತು, ಏಕೆಂದರೆ ಜೂನ್‌ನಲ್ಲಿ ನಂಬರ್ ಬದಲಿಸಿದ್ದೆವು. ಹಣದ ಹಿಂದೆ ಓಡಿದ ಆ ವಾರಗಳು ಪೂರಾ ವ್ಯರ್ಥವಾಗಿರಲಿಲ್ಲ, ಅನುಕ್ರಮ ತಪ್ಪಿತ್ತು ಅಷ್ಟೇ. ಮುಖ ಮಾತ್ರ ಹೊಂದಲಿಲ್ಲ. ಆಧಾರ್ ಫೋಟೋ ಹೈಸ್ಕೂಲಿನಲ್ಲಿದ್ದಾಗಿನದು, ಕೆನ್ನೆ ತುಂಬಿದ ಹುಡುಗಿ. ಎದುರಿಗಿದ್ದವಳ ಕೆನ್ನೆ ಒಳಗೆ ಹೋಗಿತ್ತು. ಒಳಗಿನ ಮಬ್ಬು ಬೆಳಕಿನಲ್ಲಿ ಮೂರು ಸಲ ವಿಫಲವಾಯಿತು. ಟೀಚರ್ ಆಕೆಯನ್ನು ಅಂಗಳಕ್ಕೆ ಕರೆದೊಯ್ದು, ಸೆರಗು ಹಿಂದೆ ಸರಿಸಿ, ಮಗುವನ್ನು ನನ್ನ ಕೈಗೆ ಕೊಟ್ಟು ಮತ್ತೆ ಪ್ರಯತ್ನಿಸಿದರು. ಐದನೇ ಸಲ ಆಯಿತು. ಮೂರು ತಿಂಗಳ ಹಿಂದೆ "ಆಪ್ ತಗೊಳ್ಳಲ್ಲ" ಎಂದವರೇ ಇವರು. ಬಿಸಿಲಲ್ಲಿ ಬೆವರುತ್ತ ಐದು ಸಲ ಪ್ರಯತ್ನಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಪುಷ್ಟಿಯನ್ನು ಗಂಜಿ ಮಾಡುವುದು, ತುಪ್ಪ ಇದ್ದರೆ ಒಂದು ಚಮಚ ಹಾಕುವುದು, ಚಹಾ ಬಿಸ್ಕತ್ತು ನಿಲ್ಲಿಸುವುದು, ಎದೆಹಾಲು ಬಿಡದಿರುವುದು: ಇಷ್ಟನ್ನು ಸಹಾಯಕಿ ಹೇಳಿಕೊಟ್ಟರು. ಆರು ತಿಂಗಳಿಗೆ 5.5 ಕೆ.ಜಿ. ಇದ್ದ ಮಗು ಒಂಬತ್ತು ತಿಂಗಳಿಗೆ 6.7 ಕೆ.ಜಿ.ಗೆ ಬಂತು. ತೋಳಿನ ಸುತ್ತಳತೆ 12.1 ಸೆಂಟಿಮೀಟರಿನಿಂದ 12.7ಕ್ಕೆ, ಅಂದರೆ ಅಪೌಷ್ಟಿಕತೆ ಅಳೆಯುವ ಪಟ್ಟಿಯ ಹಳದಿ ಭಾಗದಿಂದ ಹಸಿರಿಗೆ. ಪುಷ್ಟಿಯೊಂದರಿಂದಲೇ ಹೀಗಾಯಿತು ಎನ್ನಲಾರೆ. ಆ ಅವಧಿಯಲ್ಲಿ ಗಂಡನಿಗೆ ಸತತ ಕೆಲಸವಿತ್ತು, ಮಗುವಿಗೆ ಭೇದಿ ಒಂದೇ ಸಲ ಆಯಿತು.

ಈಗ ನಾವು ಮಾಡುವುದು

ಈ ಪ್ರಕರಣದ ನಂತರ ನಮ್ಮ ಕೆಲಸದ ಕ್ರಮ ಬದಲಾಯಿತು. ಹೊಸ ಶೆಡ್ಡಿಗೆ ಹೋದಾಗ ಮೊದಲು ಕೇಳುವುದು ಮಗುವಿನ ವಯಸ್ಸು, ತಾಯಿ ನಿನ್ನೆ ತಿಂದದ್ದು. ಆರು ತಿಂಗಳಿಗೆ ಎಷ್ಟು ದಿನ ಉಳಿದಿದೆ ಎಂದು ಅಲ್ಲೇ ಎಣಿಸುತ್ತೇವೆ. ಊಟದ ಅರ್ಜಿ ಅದೇ ವಾರ, ಬರಹದಲ್ಲಿ, ಸ್ವೀಕೃತಿಯೊಂದಿಗೆ. ಆಧಾರ್ ನಂಬರ್ ಬದಲಾವಣೆ, ಖಾತೆ ಜೋಡಣೆ ಇವು ಅದರ ಪಕ್ಕದಲ್ಲಿ ನಡೆಯುತ್ತವೆ, ಊಟವನ್ನು ಅವುಗಳಿಗಾಗಿ ಕಾಯಿಸುವುದಿಲ್ಲ. ಊರು ಬಿಡುವ ಮೊದಲೇ ತಾಯಿ ಕಾರ್ಡಿನ ಎಲ್ಲ ಪುಟಗಳ ಫೋಟೋ ತೆಗೆದು ಇಬ್ಬರ ಫೋನಿನಲ್ಲಿ ಇಟ್ಟುಕೊಳ್ಳಲು ಹೇಳುತ್ತೇವೆ. ಈ ತಾಯಿಯ ಕಾರ್ಡನ್ನು ತವರಿನ ಟ್ರಂಕಿನಿಂದ ತೆಗೆಸಿ ತಮ್ಮನಿಂದ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಲು ಹತ್ತು ದಿನ ಹಿಡಿದಿತ್ತು.

ಎರಡನೇ ಕಂತಿನ ಅರ್ಜಿಯನ್ನು ಆಗಸ್ಟ್‌ನಲ್ಲಿ ಹಾಕಿದೆವು. ಆಧಾರ್ ಜೋಡಣೆಯನ್ನು ಪಾಸ್‌ಬುಕ್ ಇರುವ ಖಾತೆಗೆ ಬದಲಿಸಬೇಕೆಂದು ಗಂಡನಿಗೆ ಇತ್ತು. ಹಣ ದಾರಿಯಲ್ಲಿರುವಾಗ ಖಾತೆ ಮುಟ್ಟುವುದು ಬೇಡ ಎಂದು ತಡೆದೆವು. ಡಿಸೆಂಬರ್‌ನಲ್ಲಿ ₹2,000 ಅದೇ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಬಿತ್ತು.

ಅಷ್ಟರಲ್ಲಿ ಅವರು ಬೇರೆ ಸೈಟಿಗೆ ಹೋಗಿದ್ದರು. ಹಣ ಬಂದ ಸಂಜೆ ಆಕೆ ಫೋನ್ ಮಾಡಿದಳು. ಅಂಗನವಾಡಿಯ ವಿಚಾರ ಕೇಳಿದೆ. ಅಲ್ಲಿನ ಆಪ್‌ನಲ್ಲಿ ಮಗುವಿನ ಹೆಸರು ಇನ್ನೂ ಏರಿಲ್ಲವಂತೆ. "ಹೋದ ದಿನಾನ ಚೀಟಿ ಬರ್ದು ಕೊಟ್ಟೀನ್ರಿ, ಶಿಕ್ಕಾ ಹಾಕಿಸ್ಕೊಂಡೀನಿ" ಎಂದಳು. ಪುಷ್ಟಿ ಪೊಟ್ಟಣ ಎರಡು ತಿಂಗಳಿಂದ ಸಿಗುತ್ತಿತ್ತು, ಟೀಚರ್ ಪುಸ್ತಕದಲ್ಲಿ ಬರೆದುಕೊಂಡು ಕೊಡುತ್ತಿದ್ದರು.